ಬಾಳೆಕಂದು ಇಲ್ಲದ ಚಪ್ಪರ

ಡ್ರೋನಿನ ಬ್ಯಾಟರಿ ನಲವತ್ತು ಪರ್ಸೆಂಟಿಗೆ ಇಳಿದಿತ್ತು. ಸ್ಕ್ರೀನಿನಲ್ಲಿ ಬರೀ ತೆಂಗಿನ ತೋಟ, ತೋಟದ ನಡುವೆ ಒಂದು ಹಚ್ಚ ಹಸಿರು ಚಪ್ಪರ.

ಪಕ್ಕದಲ್ಲಿ ಕೂತಿದ್ದ ಟೆಸ್ಟಿನ ಜೊತೆಗಾರ, ಮಾಯಸಂದ್ರದ ಮಂಜ ನನ್ನ ತೊಡೆ ಚಿವುಟಿದ. "ಮದ್ವೆ ಮನೆ ಕಣ್ಲಾ. ಮುಟ್‌ಬ್ಯಾಡ, ಬುಡು."

ನನ್ನ ವಿಷಯ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ವರ್ಷದಲ್ಲಿ ಹತ್ತು ತಿಂಗಳು ನಾನು ಹೊನ್ನವಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಳ್ಳುವವನು, ಎರಡು ತಿಂಗಳು ಮೀಸಲು ಪಡೆಯ ಸೈನಿಕ. ಯುದ್ಧ ಬಂದರೆ ನಮ್ಮನ್ನು ಕರೆಯುತ್ತಾರೆ, ಬರದಿದ್ದರೆ ಟ್ರೇನಿಂಗ್ ಕೊಟ್ಟು ಮನೆಗೆ ಕಳಿಸುತ್ತಾರೆ.

ಈಗ ನಮ್ಮ ಟ್ರೇನಿಂಗ್ ಸೆಂಟರಿನಲ್ಲಿ ಯುದ್ಧಕ್ಕೆ ಡ್ರೋನ್ ಹಾರಿಸುವ ಹೊಸ ತಂಡ ಕಟ್ಟುತ್ತಿದ್ದಾರೆ. ಅದಕ್ಕೆ ಸೇರಬೇಕೆಂದು ನನಗೆ ಎಂಥಾ ಹುಚ್ಚು ಅಂದರೆ... ನಲವತ್ತು ದಾಟಿದವನು ಮಕ್ಕಳ ಹಾಗೆ ಕನಸಿನಲ್ಲೂ ರಿಮೋಟ್ ಒತ್ತುತ್ತಿದ್ದೆ.

ಮೊದಲ ಸಲ ಟೆಸ್ಟಿನಲ್ಲಿ ಡ್ರೋನನ್ನು ಹುಣಸೆ ಮರಕ್ಕೆ ಗುದ್ದಿಸಿದೆ. ಎರಡನೇ ಸಲ ಅದು ಎಲ್ಲಿಳಿಯಿತೆಂದೇ ತಿಳಿಯದೆ ಅರ್ಧ ದಿನ ಹುರುಳಿ ಹೊಲದಲ್ಲಿ ಹುಡುಕಿದೆವು.

ಇದು ಮೂರನೆಯದು, ಕೊನೆಯದು. ಫೇಲಾದರೆ ಮತ್ತೆ ಸ್ಟೋರ್ ರೂಮಿನಲ್ಲಿ ಕಂಬಳಿ ಮಡಚುವ ಕೆಲಸವೇ ಗತಿ.

ಹೊರಡುವಾಗ ನನ್ನ ಹೆಂಡತಿ ಗೀತಾ ನಗದೆ ಹೇಳಿದ್ದಳು. "ಈ ಸಲ ಮರಕ್ಕೆ ಸಿಗಾಕ್ಕಂಡ್ರೆ ನೀವೇ ಹತ್ತಿ ಇಳ್ಸಿ ಕಣ್ರೀ. ತೋಟದೋರು ಅನ್ನೋ ಮರ್ಯಾದೆನಾದ್ರೂ ಉಳೀಲಿ."

ಈ ಸಲದ ಟೆಸ್ಟ್ ನಡೆದದ್ದು ನಮ್ಮ ಸೀಮೆಯಲ್ಲೇ, ಚಿಕ್ಕನಾಯಕನಹಳ್ಳಿ ಕಡೆಯ ಗುಡ್ಡದ ಬುಡದಲ್ಲಿ. ಅಲ್ಲಿನ ತೋಟಗಳ ನಡುವೆ ಎಲ್ಲೋ ತಗಡಿನಲ್ಲಿ ಮಾಡಿದ ಒಂದು ಡಮ್ಮಿ ಯುದ್ಧದ ಟ್ಯಾಂಕ್ ಬಚ್ಚಿಟ್ಟಿರುತ್ತಾರೆ. ಬ್ಯಾಟರಿ ಮುಗಿಯುವುದರೊಳಗೆ ಅದನ್ನು ಮೇಲಿನಿಂದ ಹುಡುಕಿ, ಸ್ಕ್ರೀನಿನಲ್ಲಿ ಗುರುತು ಒತ್ತಬೇಕು.

ಒಂದೇ ಗುರುತು. ಜನ ಇರುವ ಮನೆಯ ಮೇಲೆ ಒತ್ತಿದರೆ ಅಲ್ಲಿಗೆ ನಮ್ಮ ಕಥೆ ಮುಗಿಯಿತು.

ಎರಡು ಸುತ್ತು ಹಾರಿಸಿದೆ. ಪಂಪ್‌ಹೌಸ್, ಕೊಬ್ಬರಿ ಅಟ್ಟ, ಸಿಪ್ಪೆ ರಾಶಿ, ಎರಡು ಎಮ್ಮೆ. ಟ್ಯಾಂಕ್ ಇಲ್ಲ. ಕಣ್ಣಿಗೆ ಬೀಳುವುದೆಲ್ಲ ಆ ಚಪ್ಪರ ಒಂದೇ.

ಮಂಜ ಹೇಳಿದ್ದು ನನಗೂ ಸರಿ ಎನಿಸಿತು. ನಮ್ಮ ಕಡೆ ಹಸಿ ಗರಿಗೆ ಸುಮ್ಮನೆ ಯಾರೂ ಮಚ್ಚು ಹಾಕುವುದಿಲ್ಲ, ಗರಿ ತಾನಾಗಿ ಒಣಗಿ ಬೀಳಬೇಕು. ಅಷ್ಟೊಂದು ಹಸಿರು ಗರಿ ಕಡಿದಿದ್ದಾರೆಂದರೆ ಆ ಮನೆಯಲ್ಲಿ ಮದುವೆ.

ಜನ ಯಾಕೆ ಕಾಣುತ್ತಿಲ್ಲ ಅಂದೆ. ಎಲ್ಲರೂ ಚಪ್ಪರದೊಳಗೆ ಊಟಕ್ಕೆ ಕೂತಿದ್ದಾರೆ ಅಂದ. ಒಂದು ಕಿಲೋಮೀಟರ್ ದೂರದಿಂದ ಅವನಿಗೆ ಸಾರಿನ ವಾಸನೆಯೂ ಬಂತಂತೆ.

ನಮಗೆ ಟೆಸ್ಟ್ ಕೊಡುತ್ತಿದ್ದ ಸುಬೇದಾರ್ ಸಾಹೇಬರು ಪಂಜಾಬಿನವರು. ಇಲ್ಲೊಂದು ಮದುವೆ ಮನೆ ಇದೆ, ಬಿಟ್ಟು ಮುಂದೆ ಹೋಗುತ್ತೇವೆ ಎಂದು ನನ್ನ ಹರಕು ಹಿಂದಿಯಲ್ಲಿ ವಾಕಿಟಾಕಿಗೆ ಹೇಳಿದೆ. ಆ ಕಡೆಯಿಂದ "ಠೀಕ್ ಹೈ" ಅಂತ ಬಂತು, ಅಷ್ಟೇ.

ಬ್ಯಾಟರಿ ಇಪ್ಪತ್ತೆರಡು.

ಮುಂದೆ ಹೋಗಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗಲ್ಲ ನೋಡಿ... ಯಾರ ಮನೆ ಮದುವೆ ಎಂದು ತಿಳಿಯದೆ ಹೋಗಲು ನನಗೆ ಮನಸ್ಸು ಬರಲಿಲ್ಲ. ಬಾಗಿಲ ಕಡೆ ಬೋರ್ಡ್ ಏನಾದರೂ ಇದೆಯಾ ಎಂದು ಡ್ರೋನನ್ನು ಮೆಲ್ಲಗೆ ಕೆಳಗಿಳಿಸಿದೆ.

ಬೋರ್ಡ್ ಇರಲಿಲ್ಲ. ಬಾಳೆಕಂದೂ ಇರಲಿಲ್ಲ.

ಸುತ್ತ ತಿರುಗಿಸಿ ನೋಡುತ್ತೇನೆ, ನಾಲ್ಕೂ ಕಡೆ ಇಲ್ಲ. ಒಂದು ಮಾವಿನ ಎಲೆ ಕೂಡ ಇಲ್ಲ.

"ಕಟ್ಟೋದು ಮರ್ತವ್ರೇನೋ ಬುಡ್ಲಾ," ಅಂದ ಮಂಜ.

"ಬಾಳೆಕಂದು ಮರೀತಾರೇನ್ಲಾ? ಬೇಕಾದ್ರೆ ಗಂಡನ್ನ ಮರೀತಾರೆ."

ಬ್ಯಾಟರಿ ಹದಿನಾಲ್ಕು. ತಪ್ಪಾದರೆ ಯಾರದೋ ಮದುವೆಯ ಮೇಲೆ ಬಾಂಬ್ ಹಾಕಿದ ಲೆಕ್ಕ, ಜೊತೆಗೆ ಜೀವನಪೂರ್ತಿ ಕಂಬಳಿ. ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಒತ್ತಿಬಿಟ್ಟೆ.

ಮಂಜ ಆಗಲೇ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಆಮೇಲೆ ವಾಕಿಟಾಕಿಯಲ್ಲಿ ಸಾಹೇಬರು ನಕ್ಕರು. ಆ ಮನುಷ್ಯ ನಗುವುದನ್ನು ನಾವು ಅವತ್ತೇ ಮೊದಲು ಕೇಳಿದ್ದು. ಗರಿಯ ಕೆಳಗೆ ಇದ್ದದ್ದು ಟ್ಯಾಂಕ್, ನಾವಿಬ್ಬರೂ ಪಾಸು.

ನನಗಾದ ಸಂತೋಷ ಹೇಗೆ ಹೇಳಲಿ. ಮಂಜನನ್ನು ಎತ್ತಿ ಎರಡು ಸುತ್ತು ತಿರುಗಿಸಿದೆ, ಅವನ ತೂಕ ಎಂಬತ್ತಾರು ಕೆ.ಜಿ. ಸೊಂಟ ಇನ್ನೂ ನೋಯುತ್ತಿದೆ, ನಗು ಇನ್ನೂ ನಿಂತಿಲ್ಲ.

ಹೇಗೆ ಗೊತ್ತಾಯಿತು ಎಂದು ಸಾಹೇಬರು ಕೇಳಿದರು. ಬಾಳೆಕಂದಿನ ವಿಷಯ ಹೇಳಿದೆ. ಗಂಭೀರವಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಮುಂದಿನ ವರ್ಷದ ಬ್ಯಾಚಿಗೆ ಬಾಳೆ, ಮಾವಿನ ತೋರಣ ಎರಡನ್ನೂ ಕಟ್ಟಿಸುತ್ತೇನೆ ಅಂದರು.

ಗೆದ್ದ ಜಂಬದಲ್ಲಿ ಗೀತಾಗೆ ಫೋನ್ ಮಾಡಿ, ಮಂಜನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ, ಸ್ಕ್ರೀನಿನಲ್ಲಿ ಕಂಡ ಪಂಪ್‌ಹೌಸ್, ಎಮ್ಮೆಯಿಂದ ಹಿಡಿದು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಮೆಚ್ಚುತ್ತಾಳೆ ಎಂದು ಕಾಯುತ್ತಿದ್ದೆ.

"ಅಲ್ಲಾ ರೀ, ಮದ್ವೆ ಮನೆ ಮುಂದೆ ಒಂದ್ ಬೈಕೂ ನಿಂತಿರ್ಲಿಲ್ವಲ್ಲ. ಅದು ಕಾಣ್ಲಿಲ್ವಾ ನಿಮಗೆ?"

ಮಂಜನ ಮುಖ ನೋಡಿದೆ. ಅವನು ಬೂಟಿನ ಲೇಸ್ ಕಟ್ಟಿಕೊಳ್ಳಲು ಬಗ್ಗಿದ.

ಈ ಬೈಕಿನ ವಿಷಯ ನಾನು ಸಾಹೇಬರಿಗೆ ಹೇಳಿಲ್ಲ. ಮುಂದಿನ ಬ್ಯಾಚಿನ ನಮ್ಮ ಕಡೆಯವರೇ, ಸಾಹೇಬರು ಬಾಳೆಕಂದು ಕಟ್ಟಿಸಿರುತ್ತಾರೆ, ನೀವು ಬೈಕ್ ಇದೆಯಾ ನೋಡಿ.

ಸಾಹೇಬರಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಧೈರ್ಯದಲ್ಲಿ ಬರೆದಿದ್ದೇನೆ... ಯಾರೂ ಓದಿ ಹೇಳುವುದಿಲ್ಲ ತಾನೇ?