ಹಿಂಬಾಗಿಲಿನ ಶ್ರೋತೃ

ಅಲೌಕಿಕವೆಂದು ಜನ ಹೇಳಿಕೊಳ್ಳುವ ಯಾವುದನ್ನೂ ಸಾಕ್ಷ್ಯವಿಲ್ಲದೆ ಒಪ್ಪಬಾರದೆಂದು ಕಾಲೇಜಿನ ಚರ್ಚಾಕೂಟಗಳಲ್ಲಿ ವಾದಿಸಿ ಗೆದ್ದವನು ನಾನು. ಶಿಕ್ಷಕನಾದ ಮೇಲೆ ಮಕ್ಕಳಿಗೂ ಅದನ್ನೇ ಕಲಿಸಿದೆ. ಆ ವಾದವನ್ನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ಶಿರಸಿಯಲ್ಲಿ ನನ್ನ ಕಿವಿಯೇ ಕೇಳಿದ್ದನ್ನು ಮುಚ್ಚಿಡುವುದೂ ಅಪ್ರಾಮಾಣಿಕತೆಯಾಗುತ್ತದೆ, ಆದ್ದರಿಂದ ಬರೆಯುತ್ತಿದ್ದೇನೆ.

ನಾಗೇಶ ನನ್ನ ಹಳೆಯ ವಿದ್ಯಾರ್ಥಿ, ಸಿದ್ದಾಪುರದ ಕಡೆಯ ವಾಲಗದ ಮನೆತನದವನು. ಅವನ ತಂದೆ ಮಂಜಪ್ಪ ಮದುವೆಗಳಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದರು. ಮಗನಿಗೂ ಅವರೇ ಗುರು. ಹತ್ತೊಂಬತ್ತರ ವಯಸ್ಸಿನಲ್ಲಿ ಗೋವೆಗೆ ಹೋದ ನಾಗೇಶ ಹೋಟೆಲುಗಳ ವಾದ್ಯತಂಡಗಳಲ್ಲಿ ಜಾಝ್ ಕಲಿತ. ಇಪ್ಪತ್ತಾರು ತುಂಬುವುದರೊಳಗೆ ಮುಂಬೈ, ಪುಣೆಗಳಿಂದ ಕರೆ ಬರತೊಡಗಿತು. ಆದರೆ ಧಾರೆ ಎರೆಯುವ ಹೊತ್ತಿನ ವಾಲಗವನ್ನು ಇನ್ನೆಂದೂ ಊದುವುದಿಲ್ಲವೆಂದು ಅವನು ಹೇಳಿದ ದಿನದಿಂದ ತಂದೆ ಮಗನ ವಾದನ ಕೇಳಿರಲಿಲ್ಲ.

ವಾಲಗದವರು ಚಪ್ಪರದ ಹೊರಗೆ ನಿಂತು ಊದಿ, ಹಿಂಬಾಗಿಲಲ್ಲಿ ಕೊನೆಯ ಪಂಕ್ತಿಗೆ ಉಣ್ಣುವ ಪದ್ಧತಿಯನ್ನು ನಾನು ಬಹುಕಾಲ ವಿರೋಧಿಸಿದ್ದೆ. ಹೀಗಾಗಿ ಶಿರಸಿಯ ಸಭಾಂಗಣವೊಂದರಲ್ಲಿ ನಾಗೇಶನ ಕಛೇರಿ ಏರ್ಪಡಿಸಿ, ಮಂಜಪ್ಪನವರನ್ನು ಮೊದಲ ಸಾಲಿನಲ್ಲಿ ಕೂರಿಸಬೇಕೆಂದು ಹಟ ತೊಟ್ಟೆ.

“ಅಪ್ಪಂಗೆ ಕುರ್ಚಿ ಅಂದ್ರೆ ಮುಳ್ಳು, ಮಾಸ್ತರ್ರೆ. ನಿಮ್ಮ ಭಾಷಣಕ್ಕೆ ಬೇಕಾರೆ ನಿಂತಲ್ಲೇ ನಿದ್ದೆ ಹೊಡೀತ, ಕೂರೂದಿಲ್ಲ,” ಎಂದು ನಾಗೇಶ ನಕ್ಕ. ಆದರೂ ಅಂದು ಮಧ್ಯಾಹ್ನ ಅವರನ್ನು ಕರೆತರಲು ಬೈಕಿನಲ್ಲಿ ಹೊರಟ. ವಾದ್ಯವನ್ನು ವೇದಿಕೆಯ ಹಿಂದಿನ ಕೋಣೆಯಲ್ಲಿಟ್ಟು, ತುಟಿಗೆ ತಾಗುವ ಜೊಂಡಿನ ತೆಳು ಪಟ್ಟಿಯನ್ನು, ಅಂದರೆ ರೀಡನ್ನು, ಬಿಚ್ಚಿ ಬಾಯಲ್ಲಿರಿಸಿಕೊಂಡ. ಊದುವ ದಿನ ದಾರಿಯುದ್ದಕ್ಕೂ ರೀಡ್ ನೆನೆಸುತ್ತ ಹೋಗುವುದು ಅವರ ಮನೆಯ ರೂಢಿ. ಉಳಿದ ರೀಡುಗಳ ಡಬ್ಬಿ ಅವನ ಕಿಸೆಯಲ್ಲಿತ್ತು. ಕೋಣೆಗೆ ಬೀಗ ಹಾಕಿ ಕೀಲಿಯನ್ನು ನಾನೇ ಇಟ್ಟುಕೊಂಡೆ.

ನಾಲ್ಕು ಗಂಟೆಗೆ ಹತ್ತು ನಿಮಿಷವಿತ್ತು. ಕುರ್ಚಿಗಳನ್ನು ಸರಿಪಡಿಸುತ್ತಿದ್ದ ನನಗೆ ಆ ಕೋಣೆಯಿಂದ ಸ್ಯಾಕ್ಸೋಫೋನ್ ಕೇಳಿಸಿತು. ಧಾರೆಯ ವಾಲಗ. ನಾಗೇಶ ಮರಳಿದನೆಂದು ಅತ್ತ ನಡೆದೆ. ಕೀಲಿ ನನ್ನಲ್ಲೇ ಇದೆಯೆಂಬುದು ಹೊಳೆದದ್ದು ಬಾಗಿಲ ಮುಂದೆ ನಿಂತಾಗ. ವಾದನ ಪೂರ್ತಿ ಮುಗಿಯಿತು. ಬೀಗ ತೆಗೆದೆ. ಒಳಗೆ ಯಾರೂ ಇರಲಿಲ್ಲ. ಪೆಟ್ಟಿಗೆ ಮುಚ್ಚಿತ್ತು. ತೆರೆದು ನೋಡಿದರೆ ವಾದ್ಯಕ್ಕೆ ರೀಡ್ ಇರಲಿಲ್ಲ. ಅದಿಲ್ಲದೆ ಊದಿದರೆ ಬರೀ ಗಾಳಿ ಬರುತ್ತದೆ. ನನಗೆ ಭಯವಾಗಲಿಲ್ಲ. ಏನೂ ಆಗಲಿಲ್ಲ. ಪೆಟ್ಟಿಗೆ ಮುಚ್ಚಿ, ಕೋಣೆಯ ಹಿಂಬಾಗಿಲ ಅಗುಳಿ ತೆಗೆದೆ.

ಹೊರಗೆ ಕೊಡೆ ಹಿಡಿದು ಮಂಜಪ್ಪ ನಿಂತಿದ್ದರು. ಮಗನಿಗೆ ತಿಳಿಸದೆ ಬಸ್ಸು ಹತ್ತಿ ಬಂದು, ಜೀವಮಾನದ ಅಭ್ಯಾಸದಂತೆ ನೇರವಾಗಿ ಹಿಂಬಾಗಿಲಿಗೇ ಬಂದಿದ್ದರು.

“ಊದೂದಿಲ್ಲ ಅಂದಿದ್ದ, ಕಳ್ಳ! ನಾ ಉಸ್ರು ತಗಂಬ ಜಾಗದಲ್ಲೇ ತಗಂಡ, ಕೇಳಿದ್ರಾ ಮಾಸ್ತರ್ರೆ? ಎಲ್ಲಿದ್ದ ಅಂವ?”

ಉತ್ತರಿಸುವ ಮೊದಲೇ ನನ್ನ ಫೋನ್ ರಿಂಗಣಿಸಿತು. ಸಿದ್ದಾಪುರದ ರಸ್ತೆಯಲ್ಲಿ ನಾಗೇಶನ ಬೈಕ್ ಜಾರಿ ಬಿದ್ದು ಅರ್ಧ ಗಂಟೆಯಾಗಿತ್ತು. ಜೀವ ಉಳಿಯಿತು. ಎಡಗೈಯ ಮೂರು ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಲೇ ಇಲ್ಲ. ಅವನೀಗ ಯಲ್ಲಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ, ಸ್ಯಾಕ್ಸೋಫೋನ್ ಮುಟ್ಟಿಲ್ಲ.

ಎಲ್ಲ ಪ್ರತಿವಾದಗಳನ್ನೂ ನಾನೇ ಹೂಡಿ ನೋಡಿದ್ದೇನೆ. ಅದು ಆಷಾಢ, ಊರಲ್ಲೆಲ್ಲೂ ಮದುವೆಯಿರಲಿಲ್ಲ. ಧ್ವನಿವರ್ಧಕಗಳಿಗೆ ಇನ್ನೂ ವಿದ್ಯುತ್ ಕೊಟ್ಟಿರಲಿಲ್ಲ. ಭ್ರಮೆಯೆನ್ನೋಣವೆಂದರೆ, ಗೋಡೆಯ ಆಚೆ ಈಚೆ ಇದ್ದ ನಮ್ಮಿಬ್ಬರಿಗೂ ಒಂದೇ ಭ್ರಮೆ ಆದದ್ದು ಹೇಗೆ?

ಮೂರನೆಯ ದಿನ ಆಸ್ಪತ್ರೆಯಲ್ಲಿ ಮಂಜಪ್ಪ ಮಗನ ಎದುರಿಗೇ ಕೇಳಿದರು: “ಇಂವ ಊದಲೇ ಇಲ್ಲ ಅಂತ. ನೀವು ಒಳಗಿದ್ರಿ, ಹೇಳಿ ಮಾಸ್ತರ್ರೆ. ಊದಿದ್ದು ಇಂವನೇ ಅಲ್ದಾ?”

ನಾಗೇಶ ನನ್ನನ್ನೇ ನೋಡುತ್ತಿದ್ದ. ಅವನ ಎಡಗೈಯ ಬೆರಳುಗಳನ್ನು ತಂದೆ ಹಿಡಿದುಕೊಂಡಿದ್ದರು. ಅದು ಅವನಿಗೆ ತಿಳಿದಂತಿರಲಿಲ್ಲ.

“ಹೌದು,” ಎಂದೆ.

ಅದು ಸುಳ್ಳೆಂದು ಸಾಧಿಸಲು ನನ್ನ ಬಳಿ ಇಂದಿಗೂ ಸಾಕ್ಷ್ಯವಿಲ್ಲ.