ಗಂಜಿ ಹಾಕಿದ ಕೋಟು

ಇಟಲಿಯ ನೇಪಲ್ಸಿನಲ್ಲಿ ನಾಲ್ಕು ವರ್ಷ ಸೂಜಿ ಹಿಡಿದು ನಾನು ಕಲಿತದ್ದು ಒಂದೇ: ಕೋಟು ಸೆಟೆದು ನಿಲ್ಲಬಾರದು, ಮೈಮೇಲೆ ಇಳಿಯಬೇಕು. ಹೆಗಲಿಗೆ ಪ್ಯಾಡ್ ಇಲ್ಲ, ಒಳಗೆ ಅಂಟಿಸಿದ ಬಟ್ಟೆ ಇಲ್ಲ. ಕುದುರೆ ಕೂದಲು ಬೆರೆಸಿ ನೇಯ್ದ ತೆಳು ಕ್ಯಾನ್ವಾಸನ್ನು ಕೈಹೊಲಿಗೆಯಲ್ಲೇ ಕೂರಿಸಬೇಕು. ಊರಿಗೆ ಬಂದು ಕುಂದಾಪುರದಲ್ಲಿ ಅಂಗಡಿ ಹಾಕಿದಾಗ ಈ ಮಾತು ಯಾರಿಗೂ ರುಚಿಸಲಿಲ್ಲ. ಬೈಂದೂರಿನ ಮದುಮಗನೊಬ್ಬ ಕನ್ನಡಿ ನೋಡಿಕೊಂಡು, ಇದೇನು ನೈಟಿಯ ಹಾಗಿದೆಯಲ್ಲ ಎಂದು ಬಿಚ್ಚಿಟ್ಟು ಹೋದ. ಅವನಿಗೆ ಬೇಕಿದ್ದದ್ದು ಹೆಗಲು. ದೇವರು ಕೊಡದ್ದನ್ನು ದರ್ಜಿ ಕೊಡಬೇಕಂತೆ!

ಅಂಗಡಿ ನೆಲ ಕಚ್ಚಿತು. ಉಳಿದದ್ದು ಒಂದೇ ದಾರಿ. ಬ್ರಹ್ಮಾವರದ ಕಡೆಯ ಮುದುಕರೊಬ್ಬರು ನಮ್ಮ ಕಡೆಯ ಸೀರೆಯ ಸಣ್ಣ ಚೌಕುಳಿಯನ್ನೇ ನನಗಾಗಿ ಕೋಟಿನ ಹತ್ತಿ ಬಟ್ಟೆಯಲ್ಲಿ ನೇಯ್ದು ಕೊಡುತ್ತಿದ್ದರು. ಮೊಣಕಾಲು ಸೋತು ಮಗ್ಗ ಬಿಚ್ಚುವ ಮೊದಲು ಕೊನೆಯ ತುಂಡು ಕೊಟ್ಟಿದ್ದರು. ಅದರಲ್ಲಿ ಒಂದು ಕೋಟು ಹೊಲಿದು ಕಳಿಸು, ನಮ್ಮ ಯಜಮಾನರಿಗೆ ತೋರಿಸುತ್ತೇನೆ ಎಂದು ನೇಪಲ್ಸಿನ ನನ್ನ ಗುರು ಹೇಳಿದ್ದ. ಒಪ್ಪಿದರೆ ಪ್ರತಿ ಸೀಸನ್ನಿಗೂ ಆರ್ಡರ್. ಇಲ್ಲದಿದ್ದರೆ ನಾನು ಶಾಲೆಯ ಯೂನಿಫಾರ್ಮ್ ಹೊಲಿದು ಬದುಕಬೇಕು.

ತಿಂಗಳುಗಟ್ಟಲೆ ಮನೆಯ ಜಗಲಿಯಲ್ಲಿ ಕೂತು ಹೊಲಿದೆ. ಮುಗಿದ ದಿನ ಕೋಟನ್ನು ಹ್ಯಾಂಗರಿಗೆ ಹಾಕಿ, ಪೆಟ್ಟಿಗೆ ತರಲು ಪೇಟೆಗೆ ಹೋದೆ. ತಿರುಗಿ ಬಂದಾಗ ಅಂಗಳದ ತಂತಿಯ ಮೇಲಿದ್ದ ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನಮ್ಮ ಮನೆಯಲ್ಲಿ ಹತ್ತಿಯ ಬಟ್ಟೆ ಯಾವುದೇ ಇರಲಿ, ಗಂಜಿ ಕಾಣದೆ ಸಮಾರಂಭಕ್ಕೆ ಹೋದದ್ದಿಲ್ಲ. ಅಮ್ಮ ಅದನ್ನೇ ಮಾಡಿದ್ದಳು. ಕೆಂಪು ಕುಚ್ಚಲಕ್ಕಿಯ ಗಂಜಿಯಾದರೆ ಬಣ್ಣ ಹಿಡಿದೀತು ಎಂದು ಬಿಳಿಯ ಬೆಳ್ತಿಗೆ ಅಕ್ಕಿಯನ್ನೇ ಬೇಯಿಸಿ ಬಸಿದಿದ್ದಳು.

"ಒಣಗ್ಲಿ ಕಾಣ್, ಹ್ಯಾಂಗ್ ನಿತ್ಕಂತ್. ಹೆಣದ್ ಮೈಯಂಗೆ ಜೋತ್ ಬಿದ್ದಿತ್ತ್. ಪರದೇಶಕ್ಕ್ ಹೋಪ್ದನ್ನ್ ಹಾಂಗೇ ಕಳ್ಸುಕಾತ್ತಾ ಮಗಾ?"

ಕಿರುಚಬೇಕೆನಿಸಿತು. ಕೋಟು ತೆಗೆದುಕೊಂಡು ಕೋಣೆಗೆ ಹೋಗಿ ಚಿಲಕ ಹಾಕಿದೆ. ಒಳಗಿನ ಕ್ಯಾನ್ವಾಸು ನೀರು ಕುಡಿದು ಮುದುಡಿ, ಎದೆಯ ಭಾಗ ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ತೋಳು ಗಿಡ್ಡವಾಗಿತ್ತು. ಹೊಲಿಗೆ ಬಿಚ್ಚಿದೆ, ನೆನೆಸಿದೆ, ಇಸ್ತ್ರಿಯ ಹಬೆ ಕೊಟ್ಟೆ. ತಳ ಹಿಡಿದ ಅನ್ನದ ವಾಸನೆ ಬಂತು. ಯಜಮಾನರು ಮಾಲು ಆರಿಸುವುದು ಮುಂದಿನ ವಾರವೇ. ಬಟ್ಟೆ ಇಲ್ಲ, ಮಗ್ಗ ಇಲ್ಲ, ಸಮಯ ಇಲ್ಲ. ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಹೊರಗಿನಿಂದ ಅಮ್ಮ, ಚಾ ಆರುತ್ತಿದೆ ಎಂದು ಕರೆಯುತ್ತಲೇ ಇದ್ದಳು.

ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಆಮೇಲೆ ಅನ್ನ ಬಸಿದಾಗಲೆಲ್ಲ ಅದನ್ನೇ ನೆನೆದು ಕೊರಗುತ್ತಿದ್ದಳು. ಖಾಲಿ ಪೆಟ್ಟಿಗೆಗೆ ಟೇಪು ಸುತ್ತಿ, ಕೊರಿಯರಿಗೆ ಕೊಡುತ್ತೇನೆಂದು ಅವಳೆದುರೇ ಹೊರಟೆ. ಕೋಟು ನನ್ನ ಟ್ರಂಕಿನ ತಳ ಸೇರಿತು. ಕೋಟು ಬರುವುದಿಲ್ಲ ಎಂದು ಗುರುವಿಗೆ ಬರೆದೆ. ಮುಂದೆ ನೋಡೋಣ ಎಂದು ಉತ್ತರ ಬಂತು. ಆಮೇಲೆ ಅವನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಇಟಲಿಯವರು ಏನಂದರು ಎಂದು ಅಮ್ಮ ಬಿಡದೆ ಕೇಳಿದಾಗ, ಕೋಟು ನಿಂತ ರೀತಿ ಅವರಿಗೆ ಬಹಳ ಹಿಡಿಸಿತಂತೆ, ಆದರೆ ಈ ವರ್ಷ ಆರ್ಡರ್ ಇಲ್ಲವಂತೆ ಎಂದೆ. ಅವಳು ಮೊದಲ ಮಾತನ್ನಷ್ಟೇ ಹಿಡಿದುಕೊಂಡು ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಕೊಂಡು ಬಂದಳು.

ಈಗ ಹಾಲಾಡಿ ಕಡೆಯ ಶಾಲೆಯೊಂದಕ್ಕೆ ಟೆರಿಕಾಟ್ ಅಂಗಿ ಹೊಲಿಯುತ್ತೇನೆ. ಅಮ್ಮ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಾಳೆ. ಮೊನ್ನೆ ಒಂದು ಅಂಗಿಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ನೋಡಿದಳು.

"ಇದಕ್ಕೆ ಗಂಜಿ ಬ್ಯಾಡ್ದಾ?"

"ಬ್ಯಾಡ ಅಮ್ಮ. ಇದ್ ಹಾಂಗೇ ನಿತ್ಕಂತ್."

ಅವಳ ಮುಖ ಸಣ್ಣದಾಯಿತು. ಇಟಲಿಯ ಕೋಟು ಮತ್ತೆ ಹೊಲಿಯುವಾಗ ಮೊದಲೇ ಹೇಳು, ಬೆಳ್ತಿಗೆ ಅಕ್ಕಿ ತೆಗೆದಿಟ್ಟಿದ್ದೇನೆ ಎಂದಳು.