ಕಪಿಲೆಯಲ್ಲಿ ನಾವು ತೋಡಿದ ಗುಂಡಿ

ಮರಳಿನ ದುಡ್ಡಲ್ಲಿ ನಮ್ಮ ಮನೆಗೆ ತಾರಸಿ ಹಾಕಿಸಿದ ವರ್ಷದ ಬೇಸಿಗೆ ಅದು. ನಮ್ಮೂರು ತಿ. ನರಸೀಪುರದ ಹತ್ತಿರ, ಕಪಿಲಾ ನದಿಯ ದಡದಲ್ಲಿದೆ. ಆಗ ನಂಜನಗೂಡಿನ ಸುತ್ತ ಫ್ಯಾಕ್ಟರಿ, ಲೇಔಟುಗಳು ಏಳುತ್ತಿದ್ದವು. ಮರಳಿಗೆ ಎಲ್ಲಿಲ್ಲದ ಬೇಡಿಕೆ. ಕೂಲಿಗಾಗಿ ಅಲೆಯುತ್ತಿದ್ದ ನಾವು ಹತ್ತಾರು ಜನ ಹೊಳೆಗಿಳಿದು ಮರಳು ಎತ್ತತೊಡಗಿದೆವು. ಪರ್ಮಿಟ್ಟು ಇರಲಿಲ್ಲ. ಆದರೆ ಮನೆಗಳಲ್ಲಿ ಎರಡು ಹೊತ್ತೂ ಒಲೆ ಉರಿಯಿತು.

ಪಕ್ಕದ ಮನೆಯ ಪುಟ್ಟಮ್ಮಕ್ಕ ಆಚೆ ದಡದಲ್ಲಿ ಸೌತೆ ಹಾಕಿದ್ದಳು. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಲ್ಲಿ ದಾಟಿ ಹೋಗುವುದು ಅವಳ ಎಷ್ಟೋ ವರ್ಷಗಳ ರೂಢಿ. ನಮ್ಮವ್ವ ತೀರಿಕೊಂಡಾಗ ತಿಂಗಳುಗಟ್ಟಲೆ ನಮಗೆ ಅನ್ನ ಹಾಕಿದವಳು ಅವಳು.

ಒಂದು ದಿನ ಕೇಳಿದಳು, "ಲೋ ಮಾದೇವ, ನೀರಿಗೆ ಕಾಲಿಟ್ರೆ ನೆಲಾನೇ ಸಿಗಾಕಿಲ್ಲ ಕಣೋ. ಇನ್ನೂ ಎಷ್ಟು ಬಗೀತೀರ್ಲಾ?"

"ಇದೊಂದು ಬೇಸ್ಗೆ ಕಣಕ್ಕ. ಮಳೆ ಬಂದ್ರೆ ತಾನೇ ತುಂಬ್ಕತದೆ," ಎಂದೆ.

ಅವಳು ದಾಟುವ ಜಾಗದ ಪಕ್ಕದಲ್ಲೇ ನಾವು ಆಳಕ್ಕೆ ತೋಡುತ್ತಿದ್ದೆವು. ಅದನ್ನು ನಮ್ಮಲ್ಲಿ ಯಾರೂ ಅವಳಿಗೆ ಹೇಳಲಿಲ್ಲ. ಹೇಳಿದರೆ ಊರವರು ಕೆಲಸ ನಿಲ್ಲಿಸಿಬಿಡುತ್ತಾರೆಂಬ ಭಯ.

ಮೂರನೇ ದಿನ ಬೆಳಿಗ್ಗೆ ಹೊಳೆಯ ಕಡೆಯಿಂದ ಕಿರುಚಾಟ ಕೇಳಿ ಓಡಿದೆ. ಅವಳ ಖಾಲಿ ಮಂಕರಿ ಬುಟ್ಟಿ ನೀರಿನ ಮೇಲೆ ತೇಲುತ್ತಿತ್ತು. ನಾನೇ ಮುಳುಗಿದೆ. ಗುಂಡಿ ಎಲ್ಲಿದೆ, ಎಷ್ಟು ಆಳವಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ದಡಕ್ಕೆ ತಂದು ಮಲಗಿಸಿದಾಗ ಅಕ್ಕನಲ್ಲಿ ಉಸಿರಿರಲಿಲ್ಲ.

ಅವಳ ಗಂಡ ಸಿದ್ದಣ್ಣನ ಕಾಲು ಹಿಡಿದು, "ಬಾವ, ಆ ಗುಂಡಿ ತೋಡಿದ್ದು ನಾನೇ. ನನ್ನ ಒಡೀರಿ," ಎಂದು ಅತ್ತೆ.

ಅವರು ನನ್ನನ್ನು ಎಬ್ಬಿಸಿದರು. "ನನ್ ಮಗ್ನೂ ನಿನ್ ಜೊತೇಲೇ ಮರಳು ಒತ್ತವ್ನೆ ಕಣಪ್ಪ. ಯಾರ್ನ ಒಡೀಲಿ ನಾನು?" ಎಂದರು. ಅವರು ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ.

ಅಂದಿನಿಂದ ನಾನು ಮರಳು ಮುಟ್ಟಿಲ್ಲ. ಈಗ ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ. ಅದರ ಗೋಡೆಯಲ್ಲಿ ನಮ್ಮ ಹೊಳೆಯ ಮರಳೂ ಇರಬಹುದು. ಪ್ರತಿ ಬೇಸಿಗೆ ನೀರಿಳಿದ ಮೇಲೆ, ರಜಾ ಹಾಕಿ ಊರಿಗೆ ಹೋಗಿ, ಗುಂಡಿಯಿರುವ ಕಡೆಯೆಲ್ಲ ಬಿದಿರಿನ ಗಳ ನೆಟ್ಟು ಕೆಂಪು ಬಟ್ಟೆ ಕಟ್ಟಿ ಬರುತ್ತೇನೆ.

ಕಳೆದ ಸಲ ಅಲ್ಲಿ ಮರಳು ಎತ್ತುತ್ತಿದ್ದವನೊಬ್ಬನಿಗೆ, "ಬುಟ್ಬುಡಪ್ಪ ಈ ಕೆಲ್ಸ," ಅಂದೆ.

"ಬುಡ್ತೀನಿ ಕಣಣ್ಣ. ನಾಳೆಯಿಂದ ಎಲ್ಲಿಗೆ ಕೆಲ್ಸಕ್ ಓಗ್ಲಿ, ನೀನೇ ಯೋಳು," ಅಂದ.

ನೆಟ್ಟ ಗಳವನ್ನು ತೋರಿಸಿ, ಅದರಾಚೆ ಹೋಗಬೇಡ ಅಂತಷ್ಟೇ ಹೇಳಿ ಬಂದೆ.